ಹಾರದ ಬಂದೂಕಿಗೆ ನೀತಿಸಂಹಿತೆ

ನಮ್ಮಪ್ಪ ಅಟ್ಟ ಹತ್ತಿದರು ಅಂದರೆ ಚುನಾವಣೆ ಘೋಷಣೆಯಾಯಿತು ಅಂತಲೇ ಲೆಕ್ಕ. ತಾತನ ಬಂದೂಕು ಇಳಿಸಿ, ಹಳೇ ಪಂಚೆಯಲ್ಲಿ ಸುತ್ತಿ, ಮೊಪೆಡ್ಡಿಗೆ ಕಟ್ಟಿಕೊಂಡು, ಚುನಾವಣೆ ಮುಗಿಯುವವರೆಗೆ ಒಪ್ಪಿಸಿಡಲು ಠಾಣೆಗೆ ಹೊರಡುತ್ತಾರೆ. ಮಂಡ್ಯ ಜಿಲ್ಲೆಯಲ್ಲಿ ಪ್ರಜಾಪ್ರಭುತ್ವ ಅಲ್ಲಿಗೆ ಸುರಕ್ಷಿತ.

ಅದು ಒಂಟಿ ನಳಿಗೆಯದ್ದು. ಕಬ್ಬಿಗೆ ನುಗ್ಗುವ ಹಂದಿ ಹೆದರಿಸಲು ಬೆಳೆ ರಕ್ಷಣೆ ಲೈಸೆನ್ಸಿನ ಮೇಲೆ ತಾತ ತಂದದ್ದು. ಕೊನೇ ಸಲ ಅದು ಢಂ ಅಂದಾಗ ನಾನಿನ್ನೂ ಚಡ್ಡಿ ಹಾಕುತ್ತಿದ್ದೆ. ಈಗ ಬಂದೂಕಿನ ಕುದುರೆ ಎಳೆದರೆ ಹಿಂದಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ, ನಮ್ಮೂರಿನ ಚರಂಡಿ ಕಾಮಗಾರಿಯ ಹಾಗೆ. ಮರದ ಹಿಡಿಯಲ್ಲಿ ತಾತನ ಕೆನ್ನೆ ಒತ್ತಿದ ಜಾಗ ಮಾತ್ರ ಇನ್ನೂ ನುಣ್ಣಗಿದೆ.

ಎಲ್ಲರ ಬಂದೂಕನ್ನೂ ಕಿತ್ತುಕೊಳ್ಳಿ ಅಂತ ಚುನಾವಣಾ ಆಯೋಗವೇನೂ ಹೇಳಿಲ್ಲ. ಪರಿಶೀಲನಾ ಸಮಿತಿ ಕೂತು, ಮುಖ್ಯವಾಗಿ ಮೂರು ಥರದವರನ್ನು ನೋಡಬೇಕು: ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆ ಇರುವವರು, ಹಿಂದೆ ಗಲಭೆಯಲ್ಲಿ ಸಿಕ್ಕಿಬಿದ್ದವರು. ಈ ಮೂರೂ ಅರ್ಹತೆ ಇರುವವರು ನಮ್ಮ ಕಡೆ ಠಾಣೆಗೆ ಬರುವುದಿಲ್ಲ, ನಾಮಪತ್ರ ಸಲ್ಲಿಸಲು ಹೋಗಿರುತ್ತಾರೆ. ಸಾಲಿನಲ್ಲಿ ನಿಲ್ಲುವುದು ನಮ್ಮಪ್ಪ.

"ಏನ್ ಗೌಡ್ರೇ, ಹಾರ್ತದಾ?"

"ಇಲ್ಲ ಸಾಮಿ, ಹಾರಾಕಿಲ್ಲ."

"ಹಂಗಾದ್ರೆ ಹುಷಾರಾಗಿ ಇಡಿ, ಬಿದ್ದುಗಿದ್ದಾತು."

2021ರಲ್ಲಿ ಅವಧಿ ಮುಗಿದ ಜಿಲ್ಲಾ ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ ಅಂತ ಜನ ಬೈಯುತ್ತಾರೆ. ಅದರಿಂದ ಲಾಭವಾದದ್ದು ನಮ್ಮ ಬಂದೂಕಿಗೊಂದೇ, ಅಷ್ಟು ದಿನ ಅಟ್ಟದ ಮೇಲೆ ನೆಮ್ಮದಿಯಾಗಿತ್ತು.

2024ರ ಏಪ್ರಿಲ್ 26ಕ್ಕೆ ಲೋಕಸಭೆಯ ಮತದಾನ ಮುಗಿಯಿತು, ಜೂನ್ 4ಕ್ಕೆ ಎಣಿಕೆಯೂ ಆಯಿತು. ಗೆದ್ದವರು ದಿಲ್ಲಿಗೆ ಹೋದರು, ಬಂದೂಕು ಮನೆಗೆ ಬರಲಿಲ್ಲ. ಸಾಹೇಬರು ಬಂದೋಬಸ್ತು, ಸಾಹೇಬರು ರಜೆ, ಬೀರುವಿನ ಕೀಲಿ ಸಾಹೇಬರ ಹತ್ತಿರ. ಅಷ್ಟರಲ್ಲಿ ದಸರಾ. ಅತ್ತ ಮೈಸೂರಲ್ಲಿ ಹಳೇ ಫಿರಂಗಿಗಳನ್ನು ಫಳಫಳ ಉಜ್ಜಿ, ಆನೆಗಳಿಗೆ ಸದ್ದಿನ ತಾಲೀಮು ಕೊಟ್ಟು, ಜಂಬೂಸವಾರಿಗೆ 21 ಕುಶಾಲತೋಪು ಹಾರಿಸಿದರು. ಅವಕ್ಕೂ ವಯಸ್ಸಾಗಿದೆ. ಆದರೆ ಸರ್ಕಾರಿ ನೌಕರಿ ನೋಡಿ. ಇತ್ತ ಆಯುಧಪೂಜೆಯಲ್ಲಿ ಅಪ್ಪ ಕುಡುಗೋಲು, ಪಂಪ್‌ಸೆಟ್ಟಿನ ಪಕ್ಕ ಠಾಣೆಯ ರಸೀದಿ ಇಟ್ಟು ಅದಕ್ಕೇ ಕುಂಕುಮ ಹಚ್ಚಿದರು.

ಕಡೆಗೂ ಕೈಗೆ ಬಂದಾಗ ಬಂದೂಕು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಕುತ್ತಿಗೆಗೆ ಕಟ್ಟಿದ ರಟ್ಟಿನ ಚೀಟಿಯಲ್ಲಿ "ಸುಸ್ಥಿತಿಯಲ್ಲಿದೆ" ಅಂತ ಬರೆದಿತ್ತು.

ರಿಪೇರಿ ಮಾಡಿಸೋಣ ಅಂದೆ. ಲೈಸೆನ್ಸು ಇರುವುದು ಅಪ್ಪನ ಹೆಸರಲ್ಲಿ, ಅಪ್ಪನಿಗೆ 74. ವಯಸ್ಸು 70 ದಾಟಿದರೆ ವಾರಸುದಾರರ ಹೆಸರಿಗೆ ಲೈಸೆನ್ಸು ಕೇಳಬಹುದು ಅಂತ 2016ರ ಶಸ್ತ್ರಾಸ್ತ್ರ ನಿಯಮದಲ್ಲಿದೆ. ಕೇಳಿದೆ. ಬಂದೂಕು ಹಾರಿಸಲು ತರಬೇತಿ ಪಡೆದ ಪತ್ರ ಬೇಕಂತೆ, ಬುದ್ಧಿ ನೆಟ್ಟಗಿದೆ ಅಂತ ಡಾಕ್ಟರ ಪತ್ರವೂ ಬೇಕಂತೆ. ಹಾರದ ಬಂದೂಕಿಗಾಗಿ ಇಷ್ಟು ಕಚೇರಿ ಅಲೆಯುವವನಿಗೆ ಆ ಎರಡನೇ ಪತ್ರ ಯಾವ ಡಾಕ್ಟರು ಕೊಡುತ್ತಾರೆ?

ಕೊನೆಗೆ ಅಪ್ಪನನ್ನೇ ಕೂರಿಸಿಕೊಂಡು ಮೈಸೂರಿನ ಲೈಸೆನ್ಸುದಾರ ರಿಪೇರಿಯವರ ಹತ್ತಿರ ಹೋದೆ. ನಾನು ಮನೆಯಲ್ಲೇ ಉಪ್ಪುಕಾಗದ ಹಾಕಿ ಉಜ್ಜಿದ್ದ ಜಾಗ ನೋಡಿ ಆ ಹಿರಿಯರು ಮುಖ ಕಿವುಚಿದರು. ಮರಕ್ಕೆ ಅಗಸೆ ಎಣ್ಣೆ ಅಂಗೈಯಲ್ಲಿ ತಿಕ್ಕಬೇಕಂತೆ, ವಾರ್ನಿಷ್ ಬಳಿದರೆ ತಾತನ ಕೆನ್ನೆಯ ಗುರುತೂ ಹೋಗುತ್ತದಂತೆ. ಆಮೇಲೆ ನಳಿಗೆಯೊಳಗೆ ಟಾರ್ಚು ಬಿಟ್ಟರು.

"ಕಣಜ ಮಣ್ಣಿನ ಗೂಡು ಕಟ್ಟಿದೆ ಸ್ವಾಮಿ. ಬಿಚ್ಚಿದ್ರೆ ಎರಡು ತಿಂಗಳು ಹಿಡಿಯುತ್ತೆ. ನಡುವೆ ಯಾವುದಾದ್ರೂ ಎಲೆಕ್ಷನ್ ಇದೆಯಾ? ಬಿಡಿಭಾಗಕ್ಕೆಲ್ಲ ಬೇರೆ ಬೇರೆ ರಸೀದಿ ಬರೆಯೋ ತಾಳ್ಮೆ ನಿಮ್ಮ ಠಾಣೆಯವರಿಗೆ ಇದ್ಯೋ ಇಲ್ವೋ."

ಅಪ್ಪ ಹಳೇ ಪಂಚೆ ಬಿಡಿಸಿ, ಬಂದೂಕನ್ನು ಮತ್ತೆ ಸುತ್ತತೊಡಗಿದರು.