ದಿನಕ್ಕೆ ಎಂಟು ಲೋಟ ನೀರು ಎಲ್ಲರಿಗೂ ಕಡ್ಡಾಯವೇ? ಇಲ್ಲಿದೆ ಸತ್ಯಾಂಶ

‘ದಿನಕ್ಕೆ ಎಂಟು ಲೋಟ ನೀರು ಕುಡಿಯಲೇಬೇಕು, ಬಾಯಾರಿಕೆಯಾಗುವಷ್ಟರಲ್ಲಿ ಕಾಲ ಮಿಂಚಿರುತ್ತದೆ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಮತ್ತೆ ಮತ್ತೆ ಹರಿದಾಡುತ್ತಿದೆ. ಆರೋಗ್ಯವಂತ ವಯಸ್ಕರ ಮಟ್ಟಿಗೆ ಇದು ನಿಜವಲ್ಲ.

1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣಾ ಮಂಡಳಿಯು ದಿನಕ್ಕೆ ಸುಮಾರು 2.5 ಲೀಟರ್ ನೀರು ಬೇಕೆಂದು ಹೇಳುವಾಗಲೇ, ಅದರ ಹೆಚ್ಚಿನ ಪಾಲು ಆಹಾರದಲ್ಲಿ ಇರುತ್ತದೆ ಎಂದೂ ತಿಳಿಸಿತ್ತು. ಜನರ ಬಾಯಲ್ಲಿ ಮೊದಲ ಮಾತು ಉಳಿಯಿತು, ಎರಡನೆಯದು ಬಿಟ್ಟುಹೋಯಿತು. ರಕ್ತದ ಸಾಂದ್ರತೆ ಶೇ 1ರಿಂದ 2ರಷ್ಟು ಏರುತ್ತಿದ್ದಂತೆಯೇ ಮೆದುಳು ಬಾಯಾರಿಕೆಯನ್ನು ಮೂಡಿಸುತ್ತದೆ. ಅದು ಸಕಾಲದ ಸೂಚನೆಯೇ ಹೊರತು ಅಪಾಯದ ಗಂಟೆಯಲ್ಲ.

ಲೋಟ ಎಣಿಸುವುದಕ್ಕಿಂತ ಮೂತ್ರದ ಬಣ್ಣವನ್ನು ಗಮನಿಸುವುದು ಮೇಲು. ತಿಳಿ ಹಳದಿಯಾಗಿದ್ದರೆ ಚಿಂತೆಯಿಲ್ಲ; ಬಣ್ಣ ಗಾಢವಾಗಿ, ಪ್ರಮಾಣ ತಗ್ಗಿ, ಬಾಯಿ ಒಣಗಿ, ಎದ್ದು ನಿಂತಾಗ ತಲೆ ಸುತ್ತಿದರೆ ದೇಹದಲ್ಲಿ ನೀರು ಕಡಿಮೆಯಾಗಿರುವ ಸಾಧ್ಯತೆ ಹೆಚ್ಚು. (ಆದರೆ ವಿಟಮಿನ್ ಬಿ ಮಾತ್ರೆ ನುಂಗಿದವರಲ್ಲಿ ಕಡುಹಳದಿ ಬಣ್ಣ ಸಹಜ.)

ನಿಜವಾದ ಕಾಳಜಿ ಬೇಕಿರುವುದು ವೃದ್ಧರು ಮತ್ತು ಮಕ್ಕಳ ವಿಷಯದಲ್ಲಿ. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂಕಾಗುವುದರಿಂದ ಹಿರಿಯರಿಗೆ ಆಗಾಗ ನೀರು ಕೊಡುತ್ತಿರಬೇಕು. ಅಳುವ ಮಗುವಿನ ಕಣ್ಣಲ್ಲಿ ನೀರು ಬಾರದಿದ್ದರೆ, ಕಣ್ಣುಗಳು ಗುಳಿಬಿದ್ದಿದ್ದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ನಿಧಾನವಾಗಿ ಇಳಿದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ವಾಂತಿ ಭೇದಿಯಲ್ಲಿ ನೀರಿನೊಂದಿಗೆ ಲವಣವೂ ನಷ್ಟವಾಗುವುದರಿಂದ ಬರಿಯ ನೀರು ಸಾಲದು. ಓಆರ್‌ಎಸ್ (ಲವಣ, ಸಕ್ಕರೆಯ ಮಿಶ್ರಣ) ಪುಡಿಯನ್ನು ಪೊಟ್ಟಣದ ಮೇಲೆ ಸೂಚಿಸಿದಷ್ಟೇ ನೀರಿನಲ್ಲಿ ಕರಗಿಸಿ, ಗುಟುಕು ಗುಟುಕಾಗಿ ಕುಡಿಸಬೇಕು.

ಒಮ್ಮೆಲೇ ಹಲವು ಲೀಟರ್ ಕುಡಿಯುವುದೂ ಅಪಾಯವೇ, ಏಕೆಂದರೆ ರಕ್ತದಲ್ಲಿ ಸೋಡಿಯಂ ಕುಸಿದು ಗೊಂದಲ, ಸೆಳವು (ಫಿಟ್ಸ್) ಉಂಟಾಗಬಹುದು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿರುವವರು ವೈದ್ಯರು ಹೇಳಿದ ಪ್ರಮಾಣವನ್ನೇ ಪಾಲಿಸಬೇಕು.