ಹೆಳವರ ಪುಸ್ತಕಕ್ಕೆ ಬಾರದ ಅಜ್ಜಿಯರು

ಡಿಎನ್‌ಎ ಟೆಸ್ಟ್ ಮಾಡಿಸಿ 'ನಮ್ಮ ವಂಶ ಇಂಥದ್ದು' ಅಂತ ಸ್ಟೇಟಸ್ ಹಾಕುವವರು ಈಗ ನಮ್ಮ ಕೊಪ್ಪಳದ ಕಡೆಯೂ ಸಿಗುತ್ತಾರೆ. ಹಾಕಲಿ. ಆದರೆ ಯಾವ ಡಿಎನ್‌ಎ ನೋಡಿ ಹೇಳಿದರು ಅಂತ ಕೇಳಿದರೆ ಸುಮ್ನಾಗುತ್ತಾರೆ. ವಂಶ ಅಂತ ಎದೆ ತಟ್ಟಿಕೊಳ್ಳುವುದು ಹೆಚ್ಚಾಗಿ ವೈ ಕ್ರೋಮೋಸೋಮ್ ಅನ್ನುವ ಡಿಎನ್‌ಎ ಕಟ್ಟು ನೋಡಿ. ಅದು ಅಪ್ಪನಿಂದ ಮಗನಿಗೆ ಮಾತ್ರ ಇಳಿಯುತ್ತದೆ, ಅದೂ ಬಹುಮಟ್ಟಿಗೆ ಬದಲಾಗದೆ. ಹೆಣ್ಣುಮಕ್ಕಳಲ್ಲಿ ಅದು ಇರುವುದೇ ಇಲ್ಲ.

ಸುಗ್ಗಿ ಮುಗಿದ ಮೇಲೆ ವಂಶಾವಳಿಯ ಪುಸ್ತಕ ಹಿಡಿದು ಊರಿಗೆ ಬರುವ ಹೆಳವರು ಓದುವುದೂ ಇದೇ ದಾರಿಯನ್ನು. ಮುತ್ತಜ್ಜ, ಅವನಪ್ಪ, ಅವರ ಅಣ್ಣತಮ್ಮಂದಿರು, ಯಾವ ಊರಿಂದ ಎದ್ದು ಬಂದರು, ಎಲ್ಲಾ ಹೇಳುತ್ತಾರೆ. ಜೋಳ ಕೊಟ್ಟು ಖುಷಿಯಿಂದ ಕೇಳುತ್ತೇವೆ. ಅಲ್ಲೂ ಗಂಡಸರ ಹೆಸರೇ ಜಾಸ್ತಿ.

ಏಳು ತಲೆಮಾರು ಹಿಂದಕ್ಕೆ ಹೋದರೆ ಲೆಕ್ಕಕ್ಕೆ 128 ಜನ. ವೈ ಹೇಳುವುದು ಅವರಲ್ಲಿ ಒಬ್ಬನ ಕಥೆ. ಅವ್ವನಿಂದ ಬರುವ ಮೈಟೊಕಾಂಡ್ರಿಯಾದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗ) ಡಿಎನ್‌ಎ ಇನ್ನೊಬ್ಬಳ ಕಥೆ. ಅದು ಗಂಡು ಹೆಣ್ಣು ಎಲ್ಲಾ ಮಕ್ಕಳಿಗೂ ಬರುತ್ತದೆ, ಮುಂದೆ ದಾಟಿಸುವವಳು ಮಗಳು ಮಾತ್ರ. ಉಳಿದ 126 ಜನ? ಅವರ ಗುರುತು ಹುಡುಕಬೇಕಾದದ್ದು ಮುಖ್ಯವಾಗಿ ಮಿಕ್ಕ 22 ಜೋಡಿ ಕ್ರೋಮೋಸೋಮ್‌ಗಳಲ್ಲಿ. ಅಪ್ಪನಿಂದ ಅರ್ಧ, ಅವ್ವನಿಂದ ಅರ್ಧ. ಆದರೆ ಪ್ರತಿ ತಲೆಮಾರಿನಲ್ಲೂ ಇಸ್ಪೀಟ್ ಎಲೆ ಕಲಸಿದಂತೆ ಕಲಸುವುದರಿಂದ ಯಾವ ಅಜ್ಜಿಯ ಪಾಲು ಎಷ್ಟು ಬಂತು ಅನ್ನುವುದು ಅಣ್ಣನಿಗೊಂದು, ತಂಗಿಗೊಂದು.

ಇನ್ನು ನಮ್ಮ ಕಡೆ ಸೋದರಮಾವನಿಗೆ ಕೊಡುವ ಪದ್ಧತಿ ಇದೆಯಲ್ವಾ, ಅಲ್ಲಿದೆ ನೋಡಿ ತಮಾಷೆ. ಗಂಡನ ಅವ್ವನೇ ಹೆಂಡತಿಯ ಅವ್ವನ ಅವ್ವ. ಹಾಗಾಗಿ ಗಂಡ ಹೆಂಡತಿ ಇಬ್ಬರಲ್ಲೂ ಆ ಮುದುಕಿಯ ಮೈಟೊಕಾಂಡ್ರಿಯಾವೇ! ಹುಟ್ಟುವ ಮಗುವಿಗೆ ಆಕೆ ಅಪ್ಪನ ಕಡೆಯಿಂದ ಅಜ್ಜಿ, ಅವ್ವನ ಕಡೆಯಿಂದ ಮುತ್ತಜ್ಜಿ. ಸಾಮಾನ್ಯವಾಗಿ ಅಜ್ಜಿಯ ಪಾಲು ಸರಾಸರಿ ಶೇ. 25. ಇಲ್ಲಿ ಶೇ. 37.5. ಇಂಥ ಮದುವೆಗಳು ತಲೆಮಾರುಗಟ್ಟಲೆ ನಡೆದ ಮನೆತನಗಳಲ್ಲಿ ದೂರದ ನೆಂಟನೂ ಟೆಸ್ಟಿನಲ್ಲಿ ಹತ್ತಿರದವನಂತೆ ಕಾಣುತ್ತಾನೆ. ರಿಪೋರ್ಟ್ ನೋಡಿ ಗಾಬರಿಬಿದ್ದು ಮನೆಯಲ್ಲಿ ರಂಪ ಮಾಡಬೇಡಿ.

ನನ್ನ ಕೇಳಿದರೆ, ದುಡ್ಡು ಕಟ್ಟುವ ಮೊದಲು ಯಾರ ಎಂಜಲು ಕಳಿಸಬೇಕು ಅಂತ ಯೋಚಿಸಿ. ಅಪ್ಪನ ಅವ್ವನ ದಾರಿ ಬೇಕಿದ್ದರೆ ನಿಮ್ಮದು ಸಾಮಾನ್ಯವಾಗಿ ಕೆಲಸಕ್ಕೆ ಬರುವುದಿಲ್ಲ. ಅಪ್ಪನದು ಬೇಕು, ಇಲ್ಲವೇ ಅಪ್ಪನ ತಂಗಿಯ ಮಕ್ಕಳದು. ಹೆಣ್ಣುಮಕ್ಕಳಿಗೆ ತವರಿನ ವೈ ನೋಡಬೇಕಿದ್ದರೆ ಅಪ್ಪನೋ ಅಣ್ಣನೋ ಉಗುಳಿ ಕೊಡಬೇಕು. ಅಂದಹಾಗೆ, ಆ ಅಜ್ಜಿಯ ತವರೂರು ಯಾವುದು ಅಂತ ಮೊದಲು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಅದನ್ನು ಯಾವ ಲ್ಯಾಬೂ ಹೇಳುವುದಿಲ್ಲ.