ಒಳ್ಳೆಯ ಟೋರ್ಟಿಯಾ (ಮೆಕ್ಸಿಕನ್ ರೊಟ್ಟಿ) ಎಲ್ಲಿ ಸಿಗುತ್ತೆ?

ಊರಾಚೆಯ ಬಡಾವಣೆಗಳಲ್ಲಿ ಒಳ್ಳೆಯ ಮೆಕ್ಸಿಕನ್ ಊಟ ಹುಡುಕಿ ಹುಡುಕಿ ಸಾಕಾಗಿದೆ. ಬೋರ್ಡುಗಳಿಗೇನೂ ಕಮ್ಮಿಯಿಲ್ಲ. ಒಳಗೆ ಹೋದರೆ ಅದೇ ಹಳದಿ ಚೀಸ್, ಒಳಗೆ ಹೂರಣ ತುಂಬುವ ಅದೇ ಗಟ್ಟಿ ಟಾಕೋ ಚಿಪ್ಪು, ಡಬ್ಬಿಯಿಂದ ಸುರಿದ ಸಿಹಿ ಸಾಲ್ಸಾ ಚಟ್ನಿ.

ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ರುಬ್ಬಿ, ಆ ಹಿಟ್ಟಿನಲ್ಲಿ ಆಗಷ್ಟೇ ಮಾಡಿದ ಟೋರ್ಟಿಯಾ ಇದೆಯಲ್ಲ, ಅದರ ಘಮವೇ ಬೇರೆ. ಮೆತ್ತಗೆ ಮಡಚುತ್ತದೆ, ಅಂಚು ಬಿರಿಯುವುದಿಲ್ಲ. ಅದನ್ನು ಬಿಟ್ಟು ಪ್ಯಾಕೆಟ್ಟಿನ ಮೈದಾ ಟೋರ್ಟಿಯಾ ಬಿಸಿ ಮಾಡಿ ತಂದಿಟ್ಟರೆ ಹೊಟ್ಟೆ ಉರಿಯುತ್ತದೆ. (ಮೈದಾದ್ದು ಕೆಟ್ಟದ್ದೇನಲ್ಲ, ಉತ್ತರ ಮೆಕ್ಸಿಕೋದಲ್ಲಿ ಅದೇ ಜಾಸ್ತಿ. ಆದರೆ ತಾಜಾ ಇರಬೇಕು ಅಲ್ವಾ?)

ರಿವ್ಯೂ ಓದಿದರೆ ಬರೀ ಪಾರ್ಕಿಂಗ್, ಮಾರ್ಗರಿಟಾ ಕಾಕ್‌ಟೇಲ್ ಇವೇ. ಟೋರ್ಟಿಯಾ ಅಲ್ಲೇ ಮಾಡ್ತಾರಾ ಅಂತ ಒಂದು ಸಾಲು ಬರೆಯೋಕೆ ಏನು ಕಷ್ಟ?